ಜರ್ಮನಿ ಸೂಪರ್ ಮಾರ್ಕೆಟಲ್ಲಿ ಹೊಸಬ್ರು ಏನೇನ್ ತಗೊಂಡು ರುಚಿ ನೋಡ್ಬೇಕು? ದಯವಿಟ್ಟು ಹೇಳಿ

ತಟ್ಟೆಇಡ್ಲಿ_ತುಮಕೂರು

ಎಲ್ರಿಗೂ ನಮಸ್ಕಾರ. ಸ್ಟುಟ್‌ಗಾರ್ಟಿಗೆ ಬಂದು ಮೂರು ವಾರ ಆಯ್ತು, ಕೆಲಸದ ಮೇಲೆ ಬಂದಿರೋದು, ಎರಡು ವರ್ಷ ಇರ್ತೀನಿ. ಅಮ್ಮ ಕಟ್ಟಿ ಕಳ್ಸಿದ್ದ ಸಾರಿನಪುಡಿ ಚಟ್ನಿಪುಡಿ ಇನ್ನೂ ಇದೆ, ಅವಲಕ್ಕಿ ಮುಗೀತು, ಕೋಡುಬಳೆ ಫ್ಲೈಟಲ್ಲೇ ಮುಗಿದಿತ್ತು ಬಿಡಿ. ಇಂಡಿಯನ್ ಸ್ಟೋರ್ ಎಲ್ಲಿದೆ ಅಂತ ಗೊತ್ತು, ಅದನ್ನ ಕೇಳ್ತಿಲ್ಲ. ಮನೆ ಕೆಳಗಡೆನೇ ಒಂದು ದೊಡ್ಡ ಸೂಪರ್ ಮಾರ್ಕೆಟ್ ಇದೆ, ದಿನಾ ಸಂಜೆ ಹೋಗ್ತೀನಿ, ಅರ್ಧ ಗಂಟೆ ಸುತ್ತುತೀನಿ, ಕೊನೆಗೆ ಅದೇ ಬ್ರೆಡ್ಡು ಅದೇ ಬಾಳೆಹಣ್ಣು ಅದೇ ಆಲೂಗಡ್ಡೆ ತಗೊಂಡ್ ವಾಪಸ್ ಬರ್ತೀನಿ. ಮೊಸರಿನ ಸಾಲು ನೋಡಿದ್ರೆ ನಮ್ಮೂರ್ ಮನೆ ಹಾಲ್‌ಗಿಂತ ಉದ್ದ ಇದೆ, ಅದ್ರಲ್ಲಿ ಯಾವ್ದು ಮೊಸರು ಯಾವ್ದು ಕ್ರೀಮು ಯಾವ್ದು ಪುಡ್ಡಿಂಗು ದೇವ್ರಿಗೇ ಗೊತ್ತು. ಮೊನ್ನೆ ಮೊಸರನ್ನಕ್ಕೆ ಅಂತ ಒಗ್ಗರಣೆ ಎಲ್ಲಾ ರೆಡಿ ಮಾಡ್ಕೊಂಡು ಡಬ್ಬಿ ತೆಗೆದು ಕಲಸಿದ್ರೆ ವೆನಿಲಾ ವಾಸನೆ. ಇಂಗು ಸಾಸಿವೆ ವೆನಿಲಾ. ತಿಂದೆ ಬೇರೆ, ಹಸಿವು.

ನಾನು ಮೊಟ್ಟೆ ತಿಂತೀನಿ, ಮಾಂಸ ಇಲ್ಲ. ರೂಮ್‌ಮೇಟ್ ಹುಬ್ಳಿ ಹುಡುಗ, ಅವ್ನು ಎಲ್ಲಾ ತಿಂತಾನೆ. ನೀವುಗಳು ಇಲ್ಲಿಗೆ ಬಂದ ಹೊಸದ್ರಲ್ಲಿ ಏನ್ ತಿಂದು "ಅಯ್ಯೋ ಇದನ್ನ ಮೊದ್ಲೇ ಯಾರಾದ್ರೂ ಹೇಳ್ಬಾರ್ದಿತ್ತಾ" ಅನ್ಸ್ತು? ಅಂಥವು ಹೇಳಿ. ಜರ್ಮನ್ ಓದೋಕೆ ಬರಲ್ಲ, ಹೆಸ್ರು ಕನ್ನಡದಲ್ಲೇ ಬರೀರಿ, ಅಂಗಡಿಯಲ್ಲಿ ಉಚ್ಚಾರ ಮಾಡ್ಕೊಂಡು ಹುಡುಕ್ತೀನಿ.


ಮ್ಯೂನಿಕ್_ಮೈಸೂರ್‌ಪಾಕು

ವೆನಿಲಾ ಮೊಸರನ್ನ ಎಲ್ರಿಗೂ ಒಂದ್ಸಲ ಆಗತ್ತೆ, ತಲೆ ಕೆಡಿಸ್ಕೋಬೇಡಿ. ನಾನು ಬಂದು 9 ವರ್ಷ ಆಯ್ತು, ಮೊಸರಿಂದಾನೇ ಶುರು ಮಾಡ್ತೀನಿ ಯಾಕಂದ್ರೆ ಮೊಸರು ಸರಿ ಹೋದ್ರೆ ಅರ್ಧ ಸಂಸಾರ ಸರಿ ಹೋದಂಗೆ.

ಡಬ್ಬಿ ಮೇಲೆ "ನಾಟೂರ್" ಅಂತ ಇದ್ರೆ ಸಪ್ಪೆ ಮೊಸರು, ಸಕ್ಕರೆ ಹಣ್ಣು ಏನೂ ಇರಲ್ಲ. ಅದ್ರ ಪಕ್ಕ "ಮಿಲ್ಡ್" ಅಂತ ಇನ್ನೊಂದ್ ಪದ ಇರತ್ತೆ, ಅದನ್ನ ಗಮನಿಸಿ. ಮಿಲ್ಡ್ ಅಂತ ಇರೋದು ಎಷ್ಟು ದಿನ ಇಟ್ರೂ ಅಷ್ಟಾಗಿ ಹುಳಿ ಬರಲ್ಲ, ಯಾಕಂದ್ರೆ ಅದಕ್ಕೆ ಹಾಕೋ ಹೆಪ್ಪಿನ ಬ್ಯಾಕ್ಟೀರಿಯಾನೇ ಬೇರೆ, ಹುಳಿ ಮಾಡೋ ಬಲ್ಗೇರಿಕಸ್ ಅನ್ನೋದನ್ನ ಬಿಟ್ಟು ಬೇರೆ ಹಾಕ್ತಾರೆ. ನಾನು ಎರಡು ವರ್ಷ ಮಜ್ಜಿಗೆ ಹುಳಿ ಮಾಡಿ ಮಾಡಿ ಯಾಕೆ ಸಪ್ಪೆ ಬರ್ತಿದೆ ಅಂತ ನನ್ನ ಕೈನೇ ಬೈಕೋತಿದ್ದೆ. ಮಿಲ್ಡ್ ಅನ್ನೋ ಪದ ಇಲ್ಲದೇ ಬರೀ "ಯೋಗೂರ್ಟ್" ಅಂತ ಇರೋದ್ ತಗೊಳ್ಳಿ, ಫ್ಯಾಟ್ 3.5 ಪರ್ಸೆಂಟ್ ಇರೋದು. ಟರ್ಕಿಯವರ ಅಂಗಡಿ ಹತ್ರ ಇದ್ರೆ ಅಲ್ಲಿ 10 ಪರ್ಸೆಂಟ್ ಫ್ಯಾಟಿನ ಮೊಸರು ಕೆ.ಜಿ. ಡಬ್ಬಿಯಲ್ಲಿ ಸಿಗತ್ತೆ, ಅದು ನಮ್ಮ ಕೆನೆ ಮೊಸರಿನ ಥರ, ಚಮಚ ನಿಲ್ಲತ್ತೆ. ಮಜ್ಜಿಗೆ ಬೇಕಾದ್ರೆ "ಬುಟರ್‌ಮಿಲ್ಶ್" ಅಂತ ಇರತ್ತೆ, ಹಣ್ಣು ಹಾಕಿದ್ದು ಬಿಟ್ಟು ಸಾದಾ ತಗೊಳ್ಳಿ, ಉಪ್ಪು ಇಂಗು ಶುಂಠಿ ಹಾಕಿ ಕುಡೀರಿ, ಬೇಸಿಗೆ ಕಳೆಯತ್ತೆ.

ಆಮೇಲೆ ಕ್ವಾರ್ಕ್. ಇದನ್ನ ಒಂದ್ಸಲ ತಿನ್ಲೇಬೇಕು. ಮೊಸರೂ ಅಲ್ಲ ಪನೀರೂ ಅಲ್ಲ, ಮೊಸರನ್ನ ಬಟ್ಟೇಲಿ ಕಟ್ಟಿ ರಾತ್ರಿಯೆಲ್ಲಾ ನೇತು ಹಾಕಿದ್ರೆ ಬೆಳಿಗ್ಗೆ ಏನ್ ಉಳಿಯತ್ತೋ ಅದು ನೆನೆಸ್ಕೊಳ್ಳಿ. ಅಂದ್ರೆ ಏನು? ಶ್ರೀಖಂಡ! ಬಟ್ಟೆ ಕಟ್ಟೋ ಕೆಲ್ಸಾನೇ ಇಲ್ಲ, ಡಬ್ಬಿ ತೆಗಿ, ಸಕ್ಕರೆಪುಡಿ ಏಲಕ್ಕಿ ಕೇಸರಿ ಹಾಕು, ತಿರುವು, ಮುಗೀತು. "ಮಾಗರ್" ಅಂತ ಇರೋದು ಕೊಬ್ಬಿಲ್ಲದ್ದು, ಜಿಮ್ ಹುಡುಗ್ರು ತಿನ್ನೋದು, 100 ಗ್ರಾಮಿಗೆ 12 ಗ್ರಾಮ್ ಪ್ರೋಟೀನು. ಶ್ರೀಖಂಡಕ್ಕೆ ಅದು ಬೇಡ, 40 ಪರ್ಸೆಂಟ್ ಅಂತ ಬರೆದಿರೋದು ತಗೊಳ್ಳಿ. ಹೆದರಬೇಡಿ, ಅದು ನೀರಿನಂಶ ಬಿಟ್ಟು ಲೆಕ್ಕ ಹಾಕಿದ 40, ನಿಜವಾಗ್ಲೂ ಇರೋದು ಹತ್ತು ಹನ್ನೊಂದು ಪರ್ಸೆಂಟಷ್ಟೇ.

ಕೊನೇದಾಗಿ ತುಪ್ಪ. ಇಂಡಿಯನ್ ಸ್ಟೋರ್ ತುಪ್ಪಕ್ಕೆ ದುಡ್ಡು ಸುರೀಬೇಡಿ. ಇಲ್ಲಿ ಬೆಣ್ಣೆ ಎರಡು ಜಾತಿ, ಒಂದು ಸಿಹಿ ಕೆನೆಯಿಂದ ತೆಗ್ದಿದ್ದು, ಇನ್ನೊಂದು "ಝೌವರ್‌ರಾಮ್" ಅಂತ, ಅಂದ್ರೆ ಹೆಪ್ಪು ಹಾಕಿ ಹುಳಿ ಬಂದ ಕೆನೆಯಿಂದ ಕಡೆದಿದ್ದು. ನಮ್ಮ ಅಜ್ಜಿ ಮಾಡ್ತಿದ್ದುದೂ ಇದೇ ಅಲ್ವಾ. ಇದನ್ನ 250 ಗ್ರಾಮಿನ ಎರಡು ಪ್ಯಾಕೆಟ್ ತಂದು ಸಣ್ಣ ಉರಿಯಲ್ಲಿ ಇಟ್ಟು ಚಟಪಟ ಸದ್ದು ನಿಂತು ತಳದಲ್ಲಿ ಗಸಿ ಕೆಂಪಗಾಗೋವರ್ಗೂ ಕಾಯ್ಸಿ, ಘಮ ಅಂದ್ರೆ ಘಮ. ಮೊದಲ್ನೇ ಸಲ ಮಾಡಿದಾಗ ನಮ್ಮೆಜಮಾನ್ರು ಬಾತ್‌ರೂಮಿಂದ ಟವೆಲಲ್ಲೇ ಓಡಿ ಬಂದ್ರು, ಊರಿಂದ ಯಾರಾದ್ರೂ ಬಂದ್ರಾ ಅಂತ. ಆದ್ರೆ ಅಡುಗೆಮನೆ ಕಿಟಕಿ ತೆಗೆದಿಟ್ಕೊಳ್ಳಿ, ಸೂರಲ್ಲಿರೋ ಸ್ಮೋಕ್ ಅಲಾರ್ಮಿಗೆ ನಮ್ಮ ಒಗ್ಗರಣೆ ಅಂದ್ರೆ ಆಗಲ್ಲ.


ಮುದ್ದೆ_ಪ್ರಿಯ_ಮಂಡ್ಯ

ಮೊದ್ಲು ನೀರಿನ ವಿಷ್ಯ ಹೇಳ್ಬುಡ್ತೀನಿ. ಬಾಟ್ಲಿ ಮೇಲೆ "ಷ್ಟಿಲ್" ಅಂತ ಇದ್ರೆ ನಮ್ ನೀರು, ಇಲ್ದಿದ್ರೆ ಸೋಡಾ. ನಾನು ಬಂದ ದಿನ ಆರು ಬಾಟ್ಲಿ ಹೊತ್ಕೊಂಡ್ ನಾಲ್ಕನೇ ಮಹಡಿ ಹತ್ತಿ ಒಂದೂವರೆ ಲೀಟ್ರು ಸೋಡಾದಲ್ಲಿ ಅನ್ನಕ್ಕಿಟ್ಟಿದ್ದೆ. ನಲ್ಲಿ ನೀರೇ ಕುಡೀಬೋದು ಗುರು, ಹೊರೋದ್ ಬೇಡ.

ಮುದ್ದೆ ತಿಂದು ಬೆಳ್ದವ್ರಾದ್ರೆ ಪುಂಪರ್‌ನಿಕಲ್ ಅಂತ ಒಂದು ಬ್ರೆಡ್ ಐತೆ ನೋಡಿ. ಕಪ್ಪಗೆ ಇಟ್ಟಿಗೆ ತುಂಡಿನಂಗಿರ್ತದೆ, ತೆಳ್ಳಗೆ ಕುಯ್ದು ಪ್ಯಾಕೆಟಲ್ಲಿ ಹಾಕಿರ್ತಾರೆ. ರೈ ಅನ್ನೋ ಧಾನ್ಯದ ನುಚ್ಚಿಂದ ಮಾಡೋದು, ಕಮ್ಮಿ ಉರೀಲಿ ಕಮ್ಮಿ ಅಂದ್ರೂ 16 ಗಂಟೆ ಬೇಯಿಸ್ತಾರಂತೆ, ಅದ್ಕೇ ಆ ಬಣ್ಣ. ಬಣ್ಣ ನೋಡಿ ನಾನು ರಾಗಿ ಅಂದ್ಕೊಂಡೆ, ರಾಗಿ ಅಲ್ಲ, ಸ್ವಲ್ಪ ಹುಳಿ ಸ್ವಲ್ಪ ಸಿಹಿ. ಬೆಣ್ಣೆ ಸವರಿ ಮೇಲೆ ಹಸಿ ಈರುಳ್ಳಿ ಇಟ್ಕೊಂಡು ಎರಡು ತುಂಡು ತಿಂದ್ರೆ ಮಧ್ಯಾಹ್ನದವರ್ಗೂ ಹೊಟ್ಟೆ ಕೇಳಲ್ಲ. ನಮ್ ಆಫೀಸಲ್ಲಿ ಬೆಂಗ್ಳೂರಿಂದ ಬಂದ ಹುಡುಗ್ರೆಲ್ಲಾ ಮೂಗು ಮುರೀತಾರೆ, ಅವ್ರಿಗೇನ್ ಗೊತ್ತು.

ಗಬಗಬ ತಿನ್ಬೇಡಿ, ನಿಧಾನಕ್ಕೆ ಜಗೀರಿ.


ಅಗಸಿ_ಚಟ್ನಿ_ಧಾರವಾಡ

ತಮ್ಮಾ, ನಿನ್ನ ರೂಮ್‌ಮೇಟ್ ಹುಬ್ಳಿಯಾಂವ ಅಂದಿ, ಅವಂಗ ಇದನ್ನ ಓದಿ ತೋರ್ಸು. ನಾ ಲೈಪ್‌ಚಿಗ್‌ನ್ಯಾಗ ಇರ್ತೀನಿ, ಇಲ್ಲಿ ಇಂಡಿಯನ್ ಅಂಗಡಿ ಕಡಿಮಿ, ಹಿಂಗಾಗಿ ನಮಗ ಈ ಊರಿನ ಅಂಗಡ್ಯಾಗನ ಎಲ್ಲಾ ಹುಡುಕೋದು ರೂಢಿ ಆಗೇತಿ.

ನಾ ಮೊದಲ ವರ್ಷ ಊರಿಂದ ಎರಡ ಕಿಲೋ ಅಗಸಿ ತಂದಿದ್ದೆ ನೋಡ್ರಿ, ಬ್ಯಾಗ್ ತೂಕ ಹೆಚ್ಚಾತು ಅಂತ ಏರ್‌ಪೋರ್ಟ್‌ನ್ಯಾಗ ಅಂಗಿ ತಗದು ಅಗಸಿ ಉಳಿಸ್ಕೊಂಡಿದ್ದೆ. ಇಲ್ಲಿ ಬಂದು ನೋಡಿದ್ರ ಓಟ್ಸ್ ಇಡೋ ಕಪಾಟಿನ್ಯಾಗ "ಲೈನ್‌ಝಾಮನ್" ಅಂತ ಪಾಕೀಟಗಟ್ಟಲೆ ಅಗಸೀನ! ಸೋವಿ ಬ್ಯಾರೆ. ನಗಬೇಕೋ ಅಳಬೇಕೋ ತಿಳೀಲಿಲ್ಲ. ಇಲ್ಲಿ ಮಂದಿ ಹೊಟ್ಟಿ ಸಾಫ್ ಆಗಲಿ ಅಂತ ಮೊಸರಿನ್ಯಾಗ ಹಾಕ್ಕೊಂಡು ತಿಂತಾರ, ಚಟ್ನಿ ಮಾಡಬೇಕಂತ ಒಬ್ರಿಗೂ ಹೊಳದಿಲ್ಲ. ಒಡದಿದ್ದೂ ಸಿಗತೈತಿ, ಅದು ಬ್ಯಾಡ, ಅದು ಹುರದ್ರ ಕಹಿ ಆಕ್ಕತಿ. ಇಡೀ ಕಾಳು ತಗೋ. ಸಣ್ಣ ಉರಿ ಮ್ಯಾಲೆ ಚಟಪಟ ಅನ್ನೂತನಕ ಹುರಿ, ಬಳ್ಳೊಳ್ಳಿ, ಒಣ ಖಾರ, ಉಪ್ಪು, ಚೂರು ಹುಣಸಿ, ಚೂರು ಬೆಲ್ಲ ಹಾಕಿ ತರಿತರಿ ಮಿಕ್ಸಿಗೆ ಹಾಕು. ರೊಟ್ಟಿ ಇಲ್ಲಂದ್ರ ಇಲ್ಲಿನ ಬ್ರೆಡ್ಡಿನ ಮ್ಯಾಲೆ ಬೆಣ್ಣಿ ಹಚ್ಚಿ ಉದುರಿಸ್ಕೊಂಡ್ ತಿನ್ನು. ನಮ್ಮ ಪಕ್ಕದ್ಮನಿ ಜರ್ಮನ್ ಆಂಟಿಗೆ ಒಂದ ಬಾಟ್ಲಿ ಕೊಟ್ಟೀನಿ, ಆಕಿ ಬೇಯಿಸಿದ ಆಲೂಗಡ್ಡಿ, ಮ್ಯಾಲೆ ಕ್ವಾರ್ಕು, ಅದರ ಮ್ಯಾಲೆ ಅಗಸಿ ಎಣ್ಣಿ ಹಾಕ್ಕೊಂಡು ತಿಂತಾಳ, ಪೂರ್ವದ ಕಡೆ ಲೌಝಿಟ್ಸ್ ಅನ್ನೋ ಸೀಮಿ ಊಟ ಅಂತ ಅದು. ಈಗ ಅದರ ಮ್ಯಾಲೆ ನಮ್ಮ ಚಟ್ನೀನೂ ಉದುರಸ್ತಾಳ. ನೀನೂ ಮಾಡಿ ನೋಡು, ಭಾಳ ಚಲೋ ಹೊಂದತೈತಿ.

ಇನ್ನೊಂದು ಖಬರ್ದಾರ. "ಕ್ಯುಮೆಲ್" ಅಂತ ಒಂದ ಡಬ್ಬಿ ಇರತೈತಿ, ನೋಡಾಕ ಥೇಟ್ ಜೀರಗಿ, ಆದ್ರ ಜೀರಗಿ ಅಲ್ಲ! ವಾಸನಿ ಬ್ಯಾರೆ, ಸೋಂಪಿನ ಕಡೆ ಹೋಗತೈತಿ. ಇಲ್ಲಿ ಮಂದಿ ಎಲೆಕೋಸಿಗೆ, ಬ್ರೆಡ್ಡಿಗೆ ಹಾಕ್ತಾರ. ನಮ್ಮ ಜೀರಗಿ ಅಂದ್ರ "ಕ್ರೋಯ್ಟ್ಸ್‌ಕ್ಯುಮೆಲ್", ಮುಂದ ಕ್ರೋಯ್ಟ್ಸ್ ಇರಬೇಕು. ನಾ ಗೊತ್ತಿಲ್ದ ಕಟ್ಟಿನ ಸಾರಿಗೆ ಒಂದ ಚಮಚ ಕ್ಯುಮೆಲ್ ಕುಟ್ಟಿ ಹಾಕಿದ್ದೆ, ಹಬ್ಬದ ದಿನ, ಆರು ಮಂದಿ ಊಟಕ್ಕ ಬಂದಿದ್ರು. ಒಬ್ರೂ ಏನೂ ಅನಲಿಲ್ಲ. ಅದ ದೊಡ್ಡ ಮರ್ಯಾದಿ ತಗದಂಗ.

ಬ್ಯಾಳಿ ಬೇಕಂದ್ರ "ರೋಟ ಲಿನ್ಸನ್", ಅಂದ್ರ ಮಸೂರ ಬ್ಯಾಳಿ, ಸೋಪು ಶಾಂಪೂ ಮಾರೋ ಡಿಎಂ ಅಂಗಡ್ಯಾಗೂ ಸಿಗತೈತಿ, ನಂಬು. ಕುಕ್ಕರ್ ಬ್ಯಾಡ, ಕಾಲ್ ತಾಸಿನ್ಯಾಗ ಬೇಯ್ತೈತಿ. ಅಲ್ಲೇ ಅಕ್ಕಿ ಹಿಟ್ಟೂ ಐತಿ.


ತಟ್ಟೆಇಡ್ಲಿ_ತುಮಕೂರು

ಅಯ್ಯೋ ಇಷ್ಟೊಂದ್ ಬರ್ದಿದೀರಾ, ತುಂಬಾ ಥ್ಯಾಂಕ್ಸ್. ರೂಮ್‌ಮೇಟ್ ಅಗಸಿ ಅಂತ ಕೇಳಿದ ತಕ್ಷಣ ಚಪ್ಪಲಿ ಹಾಕ್ಕೊಂಡ. ನನ್ನೊಂದ್ ಪ್ರಶ್ನೆ, ಉಪ್ಪಿಟ್ಟಿಗೆ ರವೆ ಸಿಗತ್ತಾ? ಒಂದು ಪ್ಯಾಕೆಟ್ ತಂದಿದ್ದೆ, ಮೇಲೆ ಪಾಯಸದ ಥರದ ಚಿತ್ರ ಇತ್ತು, ಉಪ್ಪಿಟ್ಟು ಮಾಡಿದ್ರೆ ಗೋಡೆಗೆ ಪೋಸ್ಟರ್ ಅಂಟಿಸ್ಬೋದಿತ್ತು.


ಮ್ಯೂನಿಕ್_ಮೈಸೂರ್‌ಪಾಕು

ಅದು "ವೈಶ್‌ವೈಟ್ಸನ್ ಗ್ರೀಸ್", ಮೆತ್ತನೆ ಗೋಧಿದು. ಅದು ಕೇಸರಿಬಾತಿಗೆ ನಡಿಯತ್ತೆ, ಉಪ್ಪಿಟ್ಟಿಗೆ ಆಗಲ್ಲ. ಪಕ್ಕದಲ್ಲೇ "ಹಾರ್ಟ್‌ವೈಟ್ಸನ್ ಗ್ರೀಸ್" ಅಂತ ಇರತ್ತೆ, ಪಾಸ್ತಾ ಮಾಡೋ ಗಟ್ಟಿ ಗೋಧಿದು, ಸ್ವಲ್ಪ ಹಳದಿ, ಕೈಗೆ ತರಿ ಸಿಗತ್ತೆ. ಅದನ್ನ ತುಪ್ಪದಲ್ಲಿ ಚೆನ್ನಾಗಿ ಹುರಿದು ಒಂದಕ್ಕೆ ಎರಡೂವರೆ ನೀರು ಹಾಕಿ, ಉದುರುದುರು ಬರತ್ತೆ.


ಮುದ್ದೆ_ಪ್ರಿಯ_ಮಂಡ್ಯ

ಉಪ್ಪಿಟ್ಟು ತಿನ್ನಕ್ಕೆ ಜರ್ಮನಿಗೆ ಬರ್ಬೇಕಿತ್ತಾ ಗುರು. ಕೇಳಿದ್ದು ಹೊಸದೇನ್ ತಿನ್ನೋದು ಅಂತ.


ಕುಡ್ಲದ_ಬಂಗುಡೆ

ಮಂಡ್ಯದವರು ಹೇಳಿದ್ದು ಸರಿಯೇ. ಎಲ್ಲರೂ ಊರಿನದ್ದೇ ಹುಡುಕುವುದು ಮಾರಾಯ್ರೆ, ಇಲ್ಲಿಯದ್ದು ಎಂತ ಉಂಟು ಅಂತ ಯಾರೂ ಹೇಳುವುದಿಲ್ಲ. ನಾನು ಹ್ಯಾಂಬರ್ಗಿನಲ್ಲಿ ಇರುವುದು, ಮೀನು ತಿನ್ನುವವರಿಗೆ ಎರಡು ಮಾತು. ತಮ್ಮ ತಿನ್ನುವುದಿಲ್ಲ, ಹುಬ್ಬಳ್ಳಿಯವರಿಗೆ ಹೇಳಿ.

ಜೂನ್ ಬಂತೆಂದರೆ ಇಲ್ಲಿ ಹೊಸ "ಮಾಟ್‌ಯೆಸ್" ಬರ್ತದೆ. ಹೆರಿಂಗ್ ಮೀನು, ಮೊಟ್ಟೆ ಕಟ್ಟುವ ಮೊದಲು ಕೊಬ್ಬು ತುಂಬಿರುವಾಗ ಹಿಡಿದು ಉಪ್ಪಿನಲ್ಲಿ ಮಾಗಿಸಿದ್ದು. ಬೇಯಿಸಿರುವುದಿಲ್ಲ. ಹಾಗೆಂದ ಕೂಡಲೇ ಓಡಬೇಡಿ. ಬಾಯಿಗೆ ಹಾಕಿದರೆ ಬೆಣ್ಣೆಯ ಹಾಗೆ ಕರಗ್ತದೆ. ಒಂದು ಬನ್ನು, ಅದರ ಒಳಗೆ ಮೀನು, ಮೇಲಿಂದ ನೀರುಳ್ಳಿ ಚೂರು, ಅಷ್ಟೇ. ಬಂದರಿನ ಹತ್ರ ನಿಂತುಕೊಂಡು ತಿಂದ್ರೆ ಪಕ್ಕದಲ್ಲಿ ಕಡಲಕಾಗೆ ಕಾಯ್ತಾ ಇರ್ತದೆ, ಜಾಗ್ರತೆ, ನನ್ನದನ್ನು ಎರಡು ಸಲ ಕೈಯಿಂದಲೇ ಎತ್ತಿಕೊಂಡು ಹೋಗಿದೆ. ಸ್ಟುಟ್‌ಗಾರ್ಟಿನಲ್ಲಿ ಸಮುದ್ರ ಇಲ್ಲ, ಆದ್ರೂ ಸೂಪರ್ ಮಾರ್ಕೆಟಿನ ಫ್ರಿಜ್ಜಿನಲ್ಲಿ ಪ್ಯಾಕೆಟಿನಲ್ಲಿ ಸಿಗ್ತದೆ. ಹಸಿ ಆಗುವುದಿಲ್ಲ ಅನ್ನುವವರು ಹೊಗೆ ಹಾಕಿದ ಬಂಗುಡೆ ತೆಕ್ಕೊಳ್ಳಿ, "ಮಾಕ್ರೇಲೆ" ಅಂತ ಬರೆದಿರ್ತದೆ. ಕುಚ್ಚಿಲಕ್ಕಿ ಗಂಜಿ ಜೊತೆ ಅದನ್ನು ಮುರಿದು ಹಾಕಿಕೊಂಡು ತಿಂದದ್ದು ನಾನು ಲೆಕ್ಕ ಇಟ್ಟಿಲ್ಲ.

ಈಗ ಸಸ್ಯಾಹಾರಿಗಳಿಗೆ ಒಂದು. ಜಾಮ್ ಇಡುವ ಕಡೆ ಹಳದಿ ಡಬ್ಬಿ ಒಂದು ಉಂಟು, ಗ್ರಾಫ್‌ಶಾಫ್ಟರ್ ಗೋಲ್ಡ್‌ಸಾಫ್ಟ್ ಅಂತ ಹೆಸರು. ಒಳಗೆ ಟಾರಿನ ಹಾಗೆ ಕಪ್ಪು ದಪ್ಪ ಪಾಕ. ಸಕ್ಕರೆ ಬೀಟ್‌ರೂಟ್ ಬೇಯಿಸಿ ಹಿಂಡಿ ಬತ್ತಿಸಿದ್ದು, ಬಾನ್ ಹತ್ರದ ಮೆಕೆನ್‌ಹೈಮ್ ಅನ್ನುವ ಊರಿನದ್ದು. ನನ್ನ ಹೆಂಡತಿ ಶಿರಸಿಯವಳು, ಅವಳು ಒಂದು ಬೆರಳು ಅದ್ದಿ ನೆಕ್ಕಿ ಹೇಳಿದ್ದು, "ಇದು ಜೋನಿ ಬೆಲ್ಲ ಅಲ್ದಾ!" ಪೂರ್ತಿ ಅದೇ ಅಲ್ಲ, ಹಿಂದಿನಿಂದ ಒಂಚೂರು ಕಹಿ ಬರ್ತದೆ, ಮಣ್ಣಿನ ಪರಿಮಳ ಉಂಟು. ಆದ್ರೆ ನೀರು ದೋಸೆಗೆ ತೆಂಗಿನಕಾಯಿ ತುರಿ ಜೊತೆ ಕಲಸಿ ಕೊಟ್ಟರೆ ನಮ್ಮ ಮಕ್ಕಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ರೈನ್ ನದಿ ಕಡೆಯವರು ಆಲೂಗಡ್ಡೆ ತುರಿದು ದೋಸೆ ಹಾಗೆ ಕಾಯಿಸಿ ಅದರ ಮೇಲೆ ಇದನ್ನೇ ಹಾಕಿಕೊಳ್ಳುವುದು. ಆ ಆಲೂಗಡ್ಡೆ ದೋಸೆ ಫ್ರೋಜನ್ ಸಿಗ್ತದೆ, "ಕಾರ್ಟೋಫಲ್‌ಪುಫರ್", ಸೇಬಿನ ಗೊಜ್ಜಿನ ಜೊತೆಗೂ ತಿಂತಾರೆ. ಸೇಬಿನ ಗೊಜ್ಜಾ ಅಂತ ನಾನೂ ನಗಾಡಿದ್ದೆ. ಈಗ ಮನೆಯಲ್ಲಿ ಎರಡು ಬಾಟ್ಲಿ ಖಾಯಂ.


ಸ್ವಾಬಿಯಾ_ಸೊಸೆ

ನಾನೂ ಸ್ಟುಟ್‌ಗಾರ್ಟೇ, ಗಂಡ ಇಲ್ಲಿಯವ್ರೇ, ಆದ್ರಿಂದ ಈ ಊರಿನ ಪರವಾಗಿ ನಾನ್ ಮಾತಾಡ್ಲೇಬೇಕು. ಸ್ಟುಟ್‌ಗಾರ್ಟಲ್ಲಿ ಇದ್ಕೊಂಡು ಮೌಲ್‌ಟಾಶನ್ ತಿನ್ನದೇ ಹೋದ್ರೆ ನಮ್ಮತ್ತೆ ಬೇಜಾರ್ ಮಾಡ್ಕೋತಾರೆ. ಫ್ರಿಜ್ ಸಾಲಲ್ಲಿ ಇರತ್ತೆ, ಚೌಕಾಕಾರದ ದೊಡ್ಡ ಕಡುಬು ಅಂದ್ಕೊಳ್ಳಿ, ಮೇಲೆ ಮೈದಾ ಹಾಳೆ, ಒಳಗೆ ಮಾಮೂಲಿ ಮಾಂಸ ಪಾಲಕ್. ಇದಕ್ಕೊಂದ್ ಕಥೆ ಹೇಳ್ತಾರೆ. ಈಸ್ಟರ್ ಮುಂಚಿನ ಉಪವಾಸದ ದಿನಗಳಲ್ಲಿ ಮಾಂಸ ತಿನ್ನಂಗಿಲ್ಲ, ಮೌಲ್‌ಬ್ರಾನ್ ಮಠದ ಸನ್ಯಾಸಿಗಳಿಗೆ ಮಾಂಸ ಸಿಕ್ತು, ಬಿಡೋಕೆ ಮನಸ್ಸಿಲ್ಲ, ಸೊಪ್ಪಿನ ಜೊತೆ ಕೊಚ್ಚಿ ಹಿಟ್ಟಿನೊಳಗೆ ಬಚ್ಚಿಟ್ರಂತೆ, ಮೇಲಿರೋನಿಗೆ ಕಾಣ್ಬಾರ್ದು ಅಂತ. ದೇವರಿಗೇ ಟೋಪಿ ಹಾಕಿದ್ದು ಅನ್ನೋ ಅರ್ಥದ ಅಡ್ಡಹೆಸರು ಇವತ್ತಿಗೂ ಇದೆ. ಕಥೆ ನಿಜವೋ ಸುಳ್ಳೋ, ನಮ್ಮಲ್ಲಿ ಮೈಸೂರು ಮಲ್ಲಿಗೆಗೆ ಜಿಐ ಸಿಕ್ಕಂಗೆ ಇದಕ್ಕೂ 2009ರಲ್ಲಿ ಯುರೋಪಿಯನ್ ಯೂನಿಯನ್ನು ಊರಿನ ಹೆಸರಿನ ರಕ್ಷಣೆ ಕೊಟ್ಟಿದೆ.

ನಿಮಗೆ ಮಾಂಸ ಇಲ್ದಿರೋದು ಸಿಗತ್ತೆ, "ಗೆಮ್ಯೂಸ" ಅಂದ್ರೆ ತರಕಾರಿ. ಹಳದಿ ಹಸಿರು ಬಣ್ಣದ ಗುಂಡು ಚಿಹ್ನೆ ಒಳಗೆ ವಿ ಅಕ್ಷರ ಇದ್ಯಾ ನೋಡ್ಕೊಳ್ಳಿ. ಇವ್ರು ಅದನ್ನ ತಿಳಿ ಸೂಪಲ್ಲಿ ತೇಲಿಸಿ ಕೊಡ್ತಾರೆ. ನಾನು ಮಾಡೋದು ಟೊಮೇಟೊ ತಿಳಿಸಾರಲ್ಲಿ, ಮೆಣಸು ಸ್ವಲ್ಪ ಜಾಸ್ತಿ. ಗಂಡ ಮೊದಲ್ನೇ ಸಲ ಏನೂ ಮಾತಾಡ್ದೆ ಎರಡು ಬಟ್ಟಲು ತಿಂದು, ಅಮ್ಮನಿಗೆ ಹೇಳ್ಬೇಡ ಅಂದ್ರು. ಉಳಿದಿದ್ದನ್ನ ಮಾರನೇ ದಿನ ಪಟ್ಟಿ ಪಟ್ಟಿ ಕುಯ್ದು ಈರುಳ್ಳಿ ಜೊತೆ ಬೆಣ್ಣೇಲಿ ಕೆಂಪಗೆ ಹುರಿದು ಮೇಲೊಂದು ಮೊಟ್ಟೆ ಒಡೀರಿ.

ಇನ್ನೊಂದು, ಇಲ್ಲಿನವ್ರು ಬೇಳೆ ತಿನ್ನಲ್ಲ ಅಂದ್ಕೋಬೇಡಿ. ಕಂದು ಬಣ್ಣದ ಇಡೀ ಮಸೂರು ಬೇಯಿಸಿ ವಿನೆಗರ್ ಹಾಕಿ ಹುಳಿ ಮಾಡಿ, ಷ್ಪೆಟ್ಸ್ಲ ಅನ್ನೋ ಗಿಡ್ಡ ಗಿಡ್ಡ ಶಾವಿಗೆ ಜೊತೆ ತಿನ್ನೋದು ಈ ಸೀಮೆಯ ಮನೆಯೂಟ. ಹುಳಿ ಬೇಳೆ ಶಾವಿಗೆ, ನಮ್ಗೇನ್ ಹೊಸದಾ ಇದು. ಆದ್ರೆ ಡಬ್ಬಿಯಲ್ಲಿ ರೆಡಿ ಸಿಗೋದ್ರಲ್ಲಿ ಹಂದಿಮಾಂಸದ ಚೂರು ಇರತ್ತೆ, "ಷ್ಪೆಕ್" ಅಂತ ಇದ್ರೆ ಬಿಟ್ಬಿಡಿ. ಹಾಗೇ "ಗೆಲಾಟೀನ" ಪದಾನೂ ಬಾಯಿಪಾಠ ಮಾಡ್ಕೊಳ್ಳಿ. ನಾನು ಮೊದಲ್ನೇ ಸಲ ಊರಿಗೆ ಹೋಗುವಾಗ ಬಣ್ಣ ಬಣ್ಣದ ರಬ್ಬರ್ ಕರಡಿ ಮಿಠಾಯಿ ಐದು ಪ್ಯಾಕೆಟ್ ತಗೊಂಡ್ಹೋಗಿ ಹಾಸನದಲ್ಲಿ ಮನೆಮನೆಗೂ ಹಂಚಿ ಬಂದೆ, ದೊಡ್ಡಮ್ಮ ಮಡಿಯಲ್ಲೇ ಎರಡು ಬಾಯಿಗೆ ಹಾಕ್ಕೊಂಡ್ರು, ಆಮೇಲೆ ವಾಪಸ್ ಬಂದು ಪ್ಯಾಕೆಟ್ ಹಿಂದೆ ಓದಿದ್ರೆ ಹಂದಿ. ಇಲ್ಲೀವರ್ಗೂ ಯಾರಿಗೂ ಹೇಳಿಲ್ಲ, ಇಲ್ಲಿ ಹೇಳ್ತಿದೀನಿ. ಚೀಸಲ್ಲೂ ನೋಡ್ಕೊಳ್ಳಿ, "ಮಿಕ್ರೋಬಿಯೆಲ್ಲೆಸ್ ಲಾಬ್" ಅಂತ ಇದ್ರೆ ಕರುವಿನ ಹೊಟ್ಟೆಯ ಹೆಪ್ಪು ಹಾಕಿಲ್ಲ ಅಂತರ್ಥ, ಪಾರ್ಮೆಸಾನ್ ಆದ್ರೆ ಯಾವಾಗ್ಲೂ ಕರುವಿಂದೇ.

ಮನೆಗೆ ಕಳ್ಸೋಕೆ ಚಾಕ್ಲೇಟ್ ಬೇಕಾ, ರಿಟ್ಟರ್ ಷ್ಪೋರ್ಟ್ ನಿಮ್ಮ ಪಕ್ಕದಲ್ಲೇ ವಾಲ್ಡನ್‌ಬುಖಲ್ಲಿ ಮಾಡೋದು. ಕೋಟಿನ ಜೇಬಲ್ಲಿ ಮುರೀದೇ ಕೂರ್ಲಿ ಅಂತ ಕ್ಲಾರಾ ರಿಟ್ಟರ್ ಅನ್ನೋ ಹೆಂಗಸು 1932ರಲ್ಲಿ ಚೌಕ ಮಾಡ್ಸಿದ್ದು. ಫ್ಯಾಕ್ಟರಿ ಅಂಗಡೀಲಿ ಮುರಿದ ತುಂಡುಗಳನ್ನ ತೂಕಕ್ಕೆ ಮಾರ್ತಾರೆ, ಬಸ್ ಹತ್ತಿ ಹೋಗ್ಬನ್ನಿ.


ಮ್ಯೂನಿಕ್_ಮೈಸೂರ್‌ಪಾಕು

ದೊಡ್ಡಮ್ಮನ ವಿಷ್ಯ ನಮ್ಮಲ್ಲೇ ಇರಲಿ ಬಿಡಿ.

ತರಕಾರಿ ಬಗ್ಗೆ ಯಾರೂ ಹೇಳ್ಲೇ ಇಲ್ಲ, ಈಗ ಮೇ ತಿಂಗ್ಳು, ಒಳ್ಳೇ ಟೈಮಿಗೇ ಬಂದಿದೀರಾ. ಎಲ್ಲಾ ಕಡೆ ಬಿಳಿ ಕಡ್ಡಿ ಥರ ಕಟ್ಟು ಕಟ್ಟಿ ಮಾರ್ತಿರ್ತಾರೆ, ಷ್ಪಾರ್ಗಲ್, ಅಂದ್ರೆ ಆಸ್ಪರಾಗಸ್, ಮಣ್ಣು ಏರಿ ಹಾಕಿ ಬಿಸಿಲು ತಾಗದಂಗೆ ಬೆಳೆಸೋದ್ರಿಂದ ಆ ಬಿಳುಪು. ಜೂನ್ 24ಕ್ಕೆ ಕೊಯ್ಲು ನಿಲ್ಲಿಸ್ತಾರೆ, ಆದ್ರಿಂದ ಜನ ಮಾವಿನಹಣ್ಣಿಗೆ ಬಿದ್ದಂಗೆ ಬೀಳ್ತಾರೆ. ನನಗೆ ಅಷ್ಟೇನೂ ಅನ್ಸಲ್ಲ, ಸೌತೆಕಾಯಿ ದಂಟಿನ ರುಚಿ, ಆದ್ರೆ ಒಂದ್ಸಲ ತಿನ್ನಿ, ಸಿಪ್ಪೆ ಹೆರೆದು.

ನಾನು ಬೀಳೋದು ನವಿಲುಕೋಸಿಗೆ. ಇಲ್ಲಿ ಹೆಸ್ರು ಕೋಲ್‌ರಾಬಿ. ಊರಲ್ಲಿ ಸಿಗೋ ಥರ ನಾರು ನಾರು ಇರಲ್ಲ, ಹಸೀನೇ ಕಚ್ಚಿ ತಿನ್ಬೋದು, ಇವ್ರ ಮಕ್ಕಳು ಸ್ಕೂಲ್ ಡಬ್ಬಿಗೆ ತುಂಡು ಮಾಡಿ ಒಯ್ಯೋದೇ ಅದು. ಹುಳಿಗೆ ಹಾಕಿದ್ರಂತೂ ಕೇಳಲೇಬೇಡಿ. ಗಡ್ಡೆ ಲೆಕ್ಕದಲ್ಲಿ ಮಾರ್ತಾರೆ, ಜೊತೆಗೆ ಹಸಿರು ಎಲೆ ಇರತ್ತೆ. ಇಲ್ಲಿನವ್ರು ಏನ್ ಮಾಡ್ತಾರೆ ಗೊತ್ತಾ, ಅಲ್ಲೇ ನಿಂತು ಎಲೆ ಲಟಲಟ ಮುರಿದು ಕೆಳಗಿರೋ ಡಬ್ಬಕ್ಕೆ ಹಾಕಿ ಬರೀ ಗಡ್ಡೆ ಒಯ್ಯೋದು. ಅಷ್ಟು ಎಳೇ ಸೊಪ್ಪು! ಮೊದಲ್ನೇ ವರ್ಷ ನಾಚಿಕೆ, ಸುಮ್ನೆ ನೋಡ್ಕೊಂಡ್ ಬರ್ತಿದ್ದೆ. ಎರಡನೇ ವರ್ಷ ಧೈರ್ಯ ಮಾಡಿ ಡಬ್ಬದಿಂದ ಒಂದು ತೋಳು ತುಂಬ ಎತ್ಕೊಂಡು ಅಲ್ಲಿದ್ದ ಹೆಂಗಸನ್ನ ಇದನ್ನ ತಗೋಬೋದಾ ಅಂತ ಕೇಳಿದೆ. ಅವ್ರು ನಗ್ತಾ "ಮೊಲಕ್ಕಾ?" ಅಂದ್ರು. ಇಲ್ಲಿ ಮೊಲ ಸಾಕೋರು ಹೀಗೆ ಒಯ್ತಾರಂತೆ. ನಾನು ಹೌದು ಅಂದೆ. ಇನ್ನೇನ್ ಹೇಳ್ಲಿ, ಕಾಯಿ ಹಾಕಿ ಪಲ್ಯ ಮಾಡ್ತೀನಿ ಅಂತ ಹೇಳೋಷ್ಟು ಜರ್ಮನ್ ಆಗ ಬರ್ತಿರ್ಲಿಲ್ಲ. ಈಗ್ಲೂ ಆ ಅಂಗಡಿಗೆ ಹೋದ್ರೆ ಮೊಲ ಹೇಗಿದೆ ಅಂತ ಕೇಳ್ತಾರೆ, ನಾನು ಚೆನ್ನಾಗಿದೆ, ದಪ್ಪ ಆಗಿದೆ ಅಂತೀನಿ.

ಸೆಪ್ಟೆಂಬರ್ ಹೊತ್ತಿಗೆ ಕಿತ್ತಳೆ ಬಣ್ಣದ ಪುಟ್ಟ ಕುಂಬಳಕಾಯಿ ಬರತ್ತೆ, ಹೊಕ್ಕೈಡೊ, ಸಿಪ್ಪೆ ಸಮೇತ ಬೇಯತ್ತೆ, ಅದು ಬಂದಾಗ ನೆನಪು ಮಾಡಿ, ಗೊಜ್ಜು ಹೇಳ್ತೀನಿ.


ತಟ್ಟೆಇಡ್ಲಿ_ತುಮಕೂರು

ಅಪ್‌ಡೇಟ್. ನಿನ್ನೆ ನಾನೂ ರೂಮ್‌ಮೇಟೂ ಇದೇ ಪೋಸ್ಟ್ ಫೋನಲ್ಲಿ ಇಟ್ಕೊಂಡು ಹೋಗಿದ್ವಿ. ಒಂದೂವರೆ ಗಂಟೆ ಹಿಡೀತು. ಅಗಸಿ ಸಿಕ್ತು, ಕ್ವಾರ್ಕ್ ಸಿಕ್ತು, ಹಳದಿ ಡಬ್ಬಿ ಸಿಕ್ತು, ತರಕಾರಿ ಮೌಲ್‌ಟಾಶನ್ ಸಿಕ್ತು, ಮಿಲ್ಡ್ ಇಲ್ಲದ ಮೊಸರು ಕೊನೇ ಸಾಲಲ್ಲಿ ಒಂದೇ ಒಂದಿತ್ತು. ಬಿಲ್ ಮಾಡೋ ಹತ್ರ ಮಾತ್ರ ಮಾನ ಹೋಯ್ತು, ಆಯಮ್ಮ ಮಿಂಚಿನ ಥರ ಸಾಮಾನು ತಳ್ತಾ ಇದಾರೆ, ನಾವಿಬ್ರೂ ಚೀಲಕ್ಕೆ ಒಂದೊಂದೇ ನೀಟಾಗಿ ಜೋಡಿಸ್ತಾ ಇದೀವಿ, ಹಿಂದೆ ಆರು ಜನ. ಆಮೇಲೆ ಮನೆಗೆ ಬಂದ್ಮೇಲೆ ಗೊತ್ತಾಯ್ತು, ಇಲ್ಲಿ ಎಲ್ಲಾನೂ ಮತ್ತೆ ಟ್ರಾಲಿಗೇ ಎತ್ತಾಕ್ಕೊಂಡು ಹೋಗಿ ಆಚೆ ಜೋಡಿಸ್ಕೋಬೇಕಂತೆ.

ಮೊಸರನ್ನ ಬಂತು ಅಂದ್ರೆ ಬಂತು. ಅಮ್ಮನಿಗೆ ವಿಡಿಯೋ ಕಾಲಲ್ಲಿ ತೋರಿಸ್ದೆ, ದಾಳಿಂಬೆ ಎಲ್ಲಿ ಅಂದ್ರು. ಕಡುಬು ಇವತ್ತು ರಾತ್ರಿ ಸಾರಲ್ಲಿ.

ಒಂದು ಯಡವಟ್ಟು ಆಯ್ತು. ಮನೇಲಿ ಖಾಲಿ ಬಾಟ್ಲಿ ಜಾಸ್ತಿ ಜಾಗ ತಿಂತಿವೆ ಅಂತ ಎಲ್ಲಾನೂ ಕಾಲಲ್ಲಿ ಮೆಟ್ಟಿ ಚಪ್ಪಟೆ ಮಾಡಿ ಒಯ್ದಿದ್ದೆ, ಅಂಗಡೀಲಿ ಖಾಲಿ ಬಾಟ್ಲಿ ವಾಪಸ್ ತಗೊಳ್ಳೋ ಮೆಷೀನು ಒಂದನ್ನೂ ತಗೊಳ್ಲಿಲ್ಲ, ಉಗೀತಾ ಇತ್ತು.


ಮುದ್ದೆ_ಪ್ರಿಯ_ಮಂಡ್ಯ

ಅಯ್ಯೋ ಗುರು. ಅಂಥ ಒಂದೊಂದು ಬಾಟ್ಲಿಗೂ 25 ಸೆಂಟ್ ಪ್ಫಾಂಡ್, ಅಂದ್ರೆ ಡಿಪಾಸಿಟ್ಟು, ಇರ್ತದೆ, ತಗೊಳ್ವಾಗ್ಲೇ ಮುರ್ಕೊಂಡಿರ್ತಾರೆ. ಮೆಷೀನು ಬಾರ್‌ಕೋಡು, ಪಕ್ಕದ್ ಗುರ್ತು ಎರಡೂ ಓದ್ಬೇಕು, ಮೆಟ್ಬಾರ್ದು. ಊದಿ ಉಬ್ಬಿಸಿ ತಗೊಂಡ್ಹೋಗಿ ನೋಡಿ, ನಮ್ ಹುಡ್ಗ ಒಬ್ಬ ಹಂಗೇ ಮಾಡಿ ಹತ್ತರಲ್ಲಿ ಏಳು ದಾಟಿಸ್ದ. ಗಾಜಿನ ಬಿಯರ್ ಬಾಟ್ಲಿಗೆ 8 ಸೆಂಟು, ಅದು ಲೆಕ್ಕಕ್ಕಿಲ್ಲ. ನಾನು ತಿಂಗಳಿಗೊಂದ್ಸಲ ಮೂಟೆ ಒಯ್ದು ಆ ಚೀಟಿ ದುಡ್ಡಲ್ಲಿ ಸ್ಟ್ರಾಬೆರಿ ತರ್ತೀನಿ.


ತಟ್ಟೆಇಡ್ಲಿ_ತುಮಕೂರು

ಊದ್ತಾ ಇದೀನಿ, ರೂಮ್‌ಮೇಟ್ ವಿಡಿಯೋ ಮಾಡ್ತಿದಾನೆ. ಅಂದ್ಹಾಗೆ ಬರೋ ಸೋಮವಾರ ಏನೋ ಹಬ್ಬ ಅಂತ ಆಫೀಸ್ ರಜೆ. ಅವತ್ತು ಅಂಗಡಿ ಇರತ್ತಲ್ವಾ? ನವಿಲುಕೋಸು ತರೋದ್ ಬಾಕಿ ಇದೆ.


ಸ್ವಾಬಿಯಾ_ಸೊಸೆ

ಇರಲ್ಲ. ಭಾನುವಾರಾನೂ ಇರಲ್ಲ, ಸೋಮವಾರಾನೂ ಇರಲ್ಲ, ಎರಡು ದಿನ ಪೂರ್ತಿ ಬಂದ್. ಶನಿವಾರ ಬೆಳಿಗ್ಗೆನೇ ಹೋಗಿ, ಮಧ್ಯಾಹ್ನದ ಮೇಲೆ ಊರೆಲ್ಲಾ ಪ್ರಳಯ ಆಗತ್ತೇನೋ ಅನ್ನಂಗೆ ಜನ ತುಂಬ್ಕೋತಾರೆ. ಸೊಪ್ಪಿನ ಡಬ್ಬ ಆಗ್ಲೇ ತುಂಬಿರೋದು, ಯಾರಾದ್ರೂ ಕೇಳಿದ್ರೆ ಎರಡು ಮೊಲ ಅನ್ನಿ.